ಇಗರ್ಜಿಯ ‘ಸುರಕ್ಷತಾ ಯೋಜನೆ’ ಅಂದರೆ ಏನು?

ನಮ್ಮ ಕರಾವಳಿಯ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸುರಕ್ಷತೆಯ ಮಾತು ಬಂತೆಂದರೆ ಅದು ಬೇಗ ಸಿಸಿಟಿವಿ ಕಡೆ ತಿರುಗುತ್ತದೆ. ಎಷ್ಟು ಕ್ಯಾಮೆರಾ, ಎಷ್ಟು ಖರ್ಚು, ಎಲ್ಲಿ ಹಾಕೋದು. ಕ್ಯಾಮೆರಾ ಬೇಕು. ಆದರೆ ಅದು ಬರೀ ಒಂದು ಸಾಮಾನು. ಬಲಿಪೂಜೆ (ಇಗರ್ಜಿಯ ಮುಖ್ಯ ಆರಾಧನೆ) ನಡೆಯುವಾಗ ಯಾರೋ ಎದೆ ಹಿಡಿದುಕೊಂಡು ಕುಸಿದರೆ 108ಕ್ಕೆ ಫೋನ್ ಮಾಡುವವರು ಯಾರು? ಆಂಬುಲೆನ್ಸ್ ಒಳಗೆ ಬರಲು ಗೇಟಿನ ಬಳಿಯ ಬೈಕುಗಳನ್ನು ತೆಗೆಸುವವರು ಯಾರು? ಇದು ಮೊದಲೇ ಗೊತ್ತಿದ್ದರೆ ಅದು ಯೋಜನೆ. ಜನರಿಗೆ, ಕಟ್ಟಡಕ್ಕೆ, ಸೊತ್ತಿಗೆ ಏನೇನು ಅಪಾಯ ಬರಬಹುದು, ಬಂದಾಗ ಯಾರು ಏನು ಮಾಡಬೇಕು ಅಂತ ಫಾದರ್ ಮತ್ತು ಪಾಲನಾ ಮಂಡಳಿಯವರು (ಫಾದರಿಗೆ ನೆರವಾಗುವ ಭಕ್ತರ ಸಮಿತಿ) ಕೂತು ಬರೆದಿಟ್ಟುಕೊಳ್ಳುವುದು.

ಕಷ್ಟ ಇರುವುದು ಬಾಗಿಲಿನಲ್ಲಿ. ಕಳ್ಳರ ಭಯಕ್ಕೆ ಪಕ್ಕದ ಬಾಗಿಲಿಗೆ ಬೀಗ ಹಾಕುತ್ತೇವೆ. ಕಾಣಿಕೆ ಡಬ್ಬಿ ಉಳಿಯುತ್ತದೆ. ಆದರೆ ಹಬ್ಬದ ದಿನ ಒಳಗೆ ಬೆಂಕಿ ಹೊತ್ತಿದರೆ ಅದೇ ಬೀಗ ಜನರನ್ನು ಕೊಲ್ಲುತ್ತದೆ. 1942ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲಿ ಕೆಲವು ಬಾಗಿಲುಗಳಿಗೆ ಬೀಗ ಬಿದ್ದಿತ್ತು, ಇನ್ನು ಕೆಲವು ಒಳಮುಖವಾಗಿ ತೆರೆಯುತ್ತಿದ್ದವು. ಹಿಂದಿನಿಂದ ಜನ ನೂಕುತ್ತಿದ್ದರೆ ಅಂಥ ಬಾಗಿಲನ್ನು ಎಳೆದು ತೆರೆಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬಲಿಪೂಜೆ ಶುರುವಾಗುವ ಮೊದಲು ಎಲ್ಲ ಬಾಗಿಲಿನ ಬೀಗ ತೆಗೆಯಬೇಕು, ಮುಗಿದ ಮೇಲೆ ಹಾಕಬೇಕು. ಆ ಕೆಲಸಕ್ಕೆ ಒಬ್ಬರ ಹೆಸರು ಇರಲೇಬೇಕು. ‘ಯಾರಾದರೂ ತೆಗೀತಾರೆ’ ಅಂದರೆ ಯಾರೂ ತೆಗೆಯುವುದಿಲ್ಲ.

ಬೆಂಕಿಯ ಭಯ ಎಲ್ಲಿಂದ ಅಂತ ಕೇಳಬಹುದು. ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರಿನ ಹಿಂದಿನ ರಾತ್ರಿ, ಕತ್ತಲಲ್ಲಿ ಮಕ್ಕಳ ಕೈಯಲ್ಲೂ ಮೇಣದ ಬತ್ತಿ ಉರಿಯುತ್ತಿರುತ್ತದೆ. ಕ್ರಿಸ್ಮಸ್ ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಒಣ ಹುಲ್ಲು, ಅದರೊಳಗೆ ಸೀರಿಯಲ್ ಲೈಟು. ಮೇಲೆ ಹಳೆಯ ಮರದ ತೊಲೆ. ಹಾಗಾಗಿ ರಾತ್ರಿ ಗೋದಲಿಯ ಲೈಟು ಆರಿಸಿ ಪ್ಲಗ್ ತೆಗೆಯಬೇಕು. ಅಗ್ನಿಶಾಮಕ ಸಿಲಿಂಡರನ್ನು ಗೋಡೆಗೆ ಸುಮ್ನೆ ತೂಗುಹಾಕಿದರೆ ಸಾಲದು. ಪಿನ್ ತೆಗೆದು, ಜ್ವಾಲೆಯ ಬುಡಕ್ಕೆ ಗುರಿ ಹಿಡಿದು ಒತ್ತುವುದನ್ನು ನಾಲ್ಕೈದು ಜನ ಕಲಿತಿರಬೇಕು.

ಇನ್ನು ಮಳೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ರಸ್ತೆಯೇ ಇಲ್ಲದಾಗ ಪೇಟೆಯಿಂದ ಸಹಾಯ ತಕ್ಷಣ ಬರುವುದಿಲ್ಲ. ಮೊದಲ ಕೆಲವು ಗಂಟೆ ಊರಿನವರೇ ನೋಡಿಕೊಳ್ಳಬೇಕು. ಇಗರ್ಜಿಯ ಹಿಂದೆ ಕಡಿದ ಗುಡ್ಡವಿದೆಯೇ? ಕಾಳಿ ನದಿಯ ದಡದಲ್ಲಾದರೆ, ಕದ್ರಾ ಜಲಾಶಯದ ಗೇಟು ತೆರೆದಾಗ ನೀರು ಎಲ್ಲಿವರೆಗೆ ಬರುತ್ತದೆ? ವಯಸ್ಸಾದವರು ಮಾತ್ರ ಇರುವ ಮನೆಗಳು ಯಾವುವು? ಇದನ್ನು ಆಯಾ ವಾಡೆಯವರಿಗಿಂತ (ಇಗರ್ಜಿಗೆ ಸೇರಿದ ಒಂದೊಂದು ಕೇರಿಯವರಿಗಿಂತ) ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಸೊತ್ತು ಅಂದಾಗ ಎಲ್ಲರಿಗೂ ನೆನಪಾಗುವುದು ಬೆಳ್ಳಿ, ಬಂಗಾರ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ದಾಖಲೆ ಪುಸ್ತಕಗಳು. ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಆದದ್ದು 1976ರಲ್ಲಿ. ಅದರ ಎಷ್ಟೋ ಇಗರ್ಜಿಗಳು ಅದಕ್ಕಿಂತ ಹಳೆಯವು. ಪಾತ್ರೆ ಹೋದರೆ ಇನ್ನೊಂದು ಮಾಡಿಸಬಹುದು. ಒದ್ದೆಯಾಗಿ ಗೆದ್ದಲು ತಿಂದ ಪುಸ್ತಕದಲ್ಲಿದ್ದ ಅಜ್ಜಿಯ ಹೆಸರು ಮತ್ತೆ ಸಿಗುವುದಿಲ್ಲ. ಅವನ್ನು ನೆಲದಿಂದ ಎತ್ತರದಲ್ಲಿಡಿ. ಸ್ಕ್ಯಾನ್ ಮಾಡಿಸಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಕಾಣಿಕೆಯ ಹಣವನ್ನು ಬೇರೆ ಬೇರೆ ಮನೆಯ ಇಬ್ಬರು ಕೂತು ಎಣಿಸಿದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಮಕ್ಕಳ ವಿಷಯವನ್ನು ಈ ಯೋಜನೆಯಿಂದ ಬಿಡುವವರು ಜಾಸ್ತಿ. ಬಿಡಬಾರದು. ಧರ್ಮೋಪದೇಶದ ತರಗತಿಯಲ್ಲಿ ಯಾವ ಮಗುವೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ದೊಡ್ಡವರ ಜೊತೆ ಇರಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098, ತುರ್ತು ನಂಬರ್ 112. ಎರಡೂ ಮಕ್ಕಳಿಗೆ ಕಾಣುವಷ್ಟು ಕೆಳಗೆ, ದೊಡ್ಡ ಅಕ್ಷರದಲ್ಲಿ ಗೋಡೆಯ ಮೇಲಿರಲಿ.

ಬರೆದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಎಲ್ಲ ಬಾಗಿಲುಗಳಿಂದ ಜನ ಹೊರಬರಲು ಎಷ್ಟು ಹೊತ್ತು ಬೇಕಾಯಿತು, ಗಾಲಿಕುರ್ಚಿಯಲ್ಲಿದ್ದವರನ್ನು ಯಾರು ಕರೆತಂದರು ನೋಡಿ. ಮಂಡಳಿ ಬದಲಾದಾಗ ಕೀಲಿಕೈಗಳ ಜೊತೆ ಈ ಹಾಳೆಯನ್ನೂ ಹೊಸಬರ ಕೈಗೆ ಕೊಡಬೇಕು.