ಲೈಬ್ರರಿಯೋರು, ಡೇಟಾದೋರು, ಅರಿವು ಕೇಂದ್ರದೋರು: ಒಂದೇ ಸಂಘ ಆದ್ರೆ ಬಾಗ್ಲು ಯಾರಿಗೆ?

ಹಳೇ ಕ್ಯಾಟಲಾಗನ್ನ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್‌ಗೆ ಹಾಕಿದ ದಿನ ನಮ್ಮ ಕಾಲೇಜು ಲೈಬ್ರರೀಲಿ ಒಂದೇ ಒಂದು ಕನ್ನಡ ಪುಸ್ತಕಾನೂ ಸಿಗ್ಲಿಲ್ಲ. ಪುಸ್ತಕ ಎಲ್ಲೂ ಹೋಗಿರ್ಲಿಲ್ಲ, ವಿಷಯದ ಪ್ರಕಾರ ಪುಸ್ತಕ ಜೋಡಿಸೋ ಡ್ಯೂಯಿ ನಂಬರ್ 894.814 ಸಾಲಲ್ಲಿ ಕನ್ನಡ ಸಾಹಿತ್ಯ ಎಲ್ಲಾ ನೆಟ್ಟಗೆ ನಿಂತಿತ್ತು, ಕಂಪ್ಯೂಟರಲ್ಲಿ ಮಾತ್ರ 'ಕನ್ನಡ' ಅಂತ ಇರ್ಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಗುರುತು.

ಆಗಿದ್ದು ಇಷ್ಟೆ. ನಾವು ವರ್ಷಗಟ್ಲೆ 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ವಿ, ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತೆ, ಕಣ್ಣಿಗೆ ಕನ್ನಡ ಕಂಡ್ರೂ ಮಿಷಿನ್ನಿಗೆ ಅದು ಇಂಗ್ಲಿಷೇ, ಎಲ್ಲಾ ಭಾಷೆ ಅಕ್ಷರಕ್ಕೂ ಬೇರೆ ಬೇರೆ ನಂಬರ್ ಕೊಡೋ ಯೂನಿಕೋಡಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಇದೆ ಅನ್ನೋದು ನನಗೆ ಆವತ್ತಿನವರೆಗೂ ತಲೇಗೆ ಹೋಗಿರ್ಲಿಲ್ಲ, ಲೈಬ್ರರಿ ಸೈನ್ಸಲ್ಲಿ ಎಂಲಿಬ್ ಮಾಡ್ಕೊಂಡಿದ್ರೂನು.

ಬೆಂಗಳೂರಿಂದ ಒಬ್ಬ ಡೇಟಾ ಹುಡುಗ ಬಂದ. ಕನ್ವರ್ಟರ್ ಹಾಕಿ ಎರಡೇ ದಿನದಲ್ಲಿ ಸರಿ ಮಾಡ್ದ, ಒತ್ತಕ್ಷರ ಅಲ್ಲಲ್ಲಿ ಪಲ್ಟಿ ಹೊಡೆದಿದ್ವು ಅನ್ನೋದು ಬಿಟ್ರೆ. ಆಮೇಲೆ ತಾನೇ ಉತ್ಸಾಹ ಬಂದು ಲೇಖಕರ ಹೆಸರನ್ನೂ 'ಕ್ಲೀನ್' ಮಾಡ್ಬಿಟ್ಟ. ಇಂಗ್ಲಿಷ್ ರೂಲ್ ಪ್ರಕಾರ ಕೊನೇ ಪದಾನೇ ಸರ್‌ನೇಮು ಅಂದ್ಕೊಂಡು ನಮ್ಮ ಮಾಸ್ತಿಯವರನ್ನ 'ಅಯ್ಯಂಗಾರ್, ಮಾಸ್ತಿ ವೆಂಕಟೇಶ' ಮಾಡಿ ಅಕಾರದಲ್ಲಿ ಕೂರಿಸ್ದ, 'ಶ್ರೀನಿವಾಸ' ಅನ್ನೋ ಕಾವ್ಯನಾಮದ ಪುಸ್ತಕಗಳು ಬೇರೆ ಯಾರದ್ದೋ ಆದ್ವು. ಮಾಸ್ತಿ ಅನ್ನೋದು ಕೋಲಾರ ಜಿಲ್ಲೇಲಿ ಮಾಲೂರು ತಾಲೂಕಿನ ಒಂದು ಊರು, ಜನ ಅವರನ್ನ ಹುಡುಕೋದೇ ಊರಿನ ಹೆಸರಲ್ಲಿ ಅಂತ ಹೇಳಿದಾಗ ಆ ಹುಡುಗ 'ಸರ್, ಹಂಗಾದ್ರೆ ರೂಲ್ ಏನು?' ಅಂದ. ಒಬ್ಬ ಲೇಖಕನಿಗೆ ಒಂದು ಸ್ಥಿರ ರೂಪ ಇಟ್ಕೊಂಡು ಬಾಕಿ ಹೆಸರುಗಳನ್ನೆಲ್ಲ ಅದಕ್ಕೆ ಕಟ್ಟೋದು, ಅಥಾರಿಟಿ ಫೈಲ್ ಅಂತೀವಿ ನಾವು. ಅವನು ಅದನ್ನ ಕೇಳೇ ಇರ್ಲಿಲ್ಲ.

ಅವನ ಐಡಿ ಕಾರ್ಡಲ್ಲಿ 'ಇನ್ಫರ್ಮೇಶನ್ ಸ್ಪೆಷಲಿಸ್ಟ್', ನನ್ನದರಲ್ಲಿ 'ಗ್ರಂಥಪಾಲಕ'. ಇಬ್ರೂ ಮಾಡ್ತಿರೋದು ಒಂದೇ ಕೆಲ್ಸದ ಎರಡು ತುಂಡು, ಕ್ಯಾಟಲಾಗ್ ಕೆಟ್ಟಿದ್ದಕ್ಕೆ ಭೇಟಿ ಆದ್ವಿ, ಇಲ್ದಿದ್ರೆ ಜನ್ಮದಲ್ಲಿ ಆಗ್ತಿರ್ಲಿಲ್ಲ.

ಇಂಗ್ಲೆಂಡಲ್ಲೂ ಹಿಂಗೇ ಎರಡು ಮನೆ ಇತ್ತು. 1877ರಲ್ಲಿ ಲೈಬ್ರರಿ ಅಸೋಸಿಯೇಷನ್ ಶುರು ಆಯ್ತು. ಕಂಪನಿ, ಲ್ಯಾಬುಗಳಲ್ಲಿ ಇದ್ದ ವಿಜ್ಞಾನಿಗಳು ಮಾಹಿತಿ ಕೆಲ್ಸಕ್ಕೆ ಸಬ್ಜೆಕ್ಟ್ ಜ್ಞಾನ ಬೇಕು, ಲೈಬ್ರರಿ ಟ್ರೈನಿಂಗ್ ಒಂದೇ ಸಾಲಲ್ಲ ಅಂತ 1958ರಲ್ಲಿ ಇನ್ಸ್ಟಿಟ್ಯೂಟ್ ಆಫ್ ಇನ್ಫರ್ಮೇಶನ್ ಸೈಂಟಿಸ್ಟ್ಸ್ ಅಂತ ಬೇರೆ ಒಲೆ ಹೂಡಿದ್ರು. ಕೊನೇಗೆ 2002ರ ಏಪ್ರಿಲಲ್ಲಿ ಎರಡೂ ಸೇರಿ ಸಿಲಿಪ್ ಅನ್ನೋ ಒಂದೇ ಸಂಘ ಆಯ್ತು. ಸೇರಿದ್ದಕ್ಕಿಂತ ನನಗೆ ಹಿಡಿಸಿದ್ದು ಆಮೇಲೆ ಅವರು ಇಟ್ಟ ಮೆಟ್ಟಿಲು. ಡಿಗ್ರಿ ಇಲ್ದೆ ಕೆಲ್ಸದಲ್ಲೇ ಕಲಿತೋರಿಗೆ ಸರ್ಟಿಫಿಕೇಶನ್, ಅದರ ಮೇಲೆ ಚಾರ್ಟರ್‌ಶಿಪ್, ಅದರ ಮೇಲೆ ಫೆಲೋಶಿಪ್.

ನಮ್ಮಲ್ಲಿ? 1933ರಲ್ಲಿ ಇಂಡಿಯನ್ ಲೈಬ್ರರಿ ಅಸೋಸಿಯೇಷನ್, 1955ರಲ್ಲಿ ಲ್ಯಾಬು, ಸಂಸ್ಥೆಗಳ ವಿಶೇಷ ಗ್ರಂಥಾಲಯದೋರಿಗೆ ಐಯಾಸ್ಲಿಕ್ ಅನ್ನೋ ಸಂಘ, ಎರಡೂ ಹುಟ್ಟಿದ್ದು ಕಲ್ಕತ್ತಾದಲ್ಲಿ, ಎರಡೂ ಇವತ್ತಿಗೂ ಬೇರೆ ಬೇರೆ. ತಮಾಷೆ ಅಂದ್ರೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರಿಗೆ ಈ ಗೋಡೇನೇ ಇರ್ಲಿಲ್ಲ, ಗಣಿತದ ಮೇಷ್ಟ್ರು ಆಗಿದ್ದೋರು 1924ರಲ್ಲಿ ಮದ್ರಾಸ್ ಯೂನಿವರ್ಸಿಟಿ ಲೈಬ್ರರಿಯನ್ ಆದ್ರು, ಗ್ರಂಥಾಲಯಕ್ಕೆ ಐದು ಸೂತ್ರ ಬರೆದ್ರು, ಅದೇ ಮನುಷ್ಯ 1962ರಲ್ಲಿ ಬೆಂಗಳೂರಲ್ಲಿ ಡಾಕ್ಯುಮೆಂಟೇಶನ್, ಅಂದ್ರೆ ಮಾಹಿತಿ ಜೋಡಿಸಿ ಹುಡುಕಿಕೊಡೋ ಕೆಲ್ಸ, ಕಲಿಸೋಕೆ ಡಿಆರ್‌ಟಿಸಿ ಅನ್ನೋ ಕೇಂದ್ರ ಕಟ್ಟಿದ್ರು. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ಡಾಕ್ಟರಿಗೆ ನ್ಯಾಷನಲ್ ಮೆಡಿಕಲ್ ಕಮಿಷನ್ ಇದೆ, ನಮಗೆ ಕಾನೂನಿನ ಬಲ ಇರೋ ಅಂಥದ್ದು ಯಾವ್ದೂ ಇಲ್ಲ.

ನಮ್ಮ ತುಮಕೂರಲ್ಲೇ ನೋಡಿ. ನಗರ ಕೇಂದ್ರ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆದು, ಸರ್ಕಾರಿ ಡಿಗ್ರಿ ಕಾಲೇಜಿಂದು ಕಾಲೇಜು ಶಿಕ್ಷಣ ಇಲಾಖೆಗೆ, ಯೂನಿವರ್ಸಿಟಿದು ಇನ್ನೊಂದು ಕಡೆ, ಹಳ್ಳಿಯ ಗ್ರಂಥಾಲಯಗಳು ಈಗ ಪಂಚಾಯತ್ ರಾಜ್ ಇಲಾಖೆಗೆ ಹೋಗಿ ಅರಿವು ಕೇಂದ್ರ ಅಂತಾಗಿವೆ. ಆಸ್ತಿ ತೆರಿಗೆ ಜೊತೆ 6% ಗ್ರಂಥಾಲಯ ಕರ ಕಟ್ತೀವಲ್ಲ, ಅದು ಪೂರ್ತಿ ಪುಸ್ತಕಕ್ಕೆ ಬಂತಾ ಅಂತ ಇವ್ರೆಲ್ಲ ಒಟ್ಟಿಗೆ ನಿಂತು ಕೇಳಿದ್ದನ್ನ ನಾನಂತೂ ನೋಡಿಲ್ಲ.

ಒಂದು ಸಂಘ ಅಂದ ತಕ್ಷಣ ನಮ್ಮೋರು ಹೆಸರಿಗೆ ಜಗಳ ಆಡ್ತಾರೆ, ಗ್ರಂಥಾಲಯ ಮುಂದೆ ಬರ್ಬೇಕಾ ಮಾಹಿತಿ ಮುಂದೆ ಬರ್ಬೇಕಾ ಅಂತ. ಹೆಸರು ಹಾಳಾಗ್ಲಿ ಬಿಡಿ. ಜಗಳ ಆಡೋದಾದ್ರೆ ಯಾರನ್ನ ಒಳಗೆ ಬಿಡೋದು ಅನ್ನೋದಕ್ಕೆ ಆಡ್ಬೇಕು.

ಮಧುಗಿರಿ ಕಡೆ ಒಂದು ಅರಿವು ಕೇಂದ್ರದಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಮೇಲ್ವಿಚಾರಕರು ಪಿಯುಸಿ ಓದಿದೋರು. ಒಬ್ಬ ಹುಡುಗಿ ಬಂದು ಸ್ಕಾಲರ್‌ಶಿಪ್ ಅರ್ಜಿ ರಿಜೆಕ್ಟ್ ಆಗಿದೆ ಅಂದ್ಲು, ಇವ್ರು ಆಧಾರ್ ತಗೊಂಡ್ರು, ಮಾರ್ಕ್ಸ್ ಕಾರ್ಡ್ ಪಕ್ಕ ಇಟ್ಟು ಬೆರಳಿಟ್ಕೊಂಡು ಒಂದೊಂದೇ ಅಕ್ಷರ ಓದಿದ್ರು. ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. 'ಇದೇ ಕಣಮ್ಮ, ಮೊದ್ಲು ಆಧಾರ್ ತಿದ್ದಿಸ್ಕೊಂಡ್ ಬಾ' ಅಂದ್ರು. ನನಗೆ ಮಾಸ್ತಿ ನೆನಪಾದ್ರು. ಅಥಾರಿಟಿ ಫೈಲಿನ ಕೆಲ್ಸಾನೇ ಅದು, ಆ ಮೇಲ್ವಿಚಾರಕರು ಯಾವ ಕ್ಲಾಸಲ್ಲೂ ಕಲೀದೆ ಮಾಡಿದ್ರು.

ಮೊನ್ನೆ ನಾಲ್ಕೈದು ಜನ ಕೂತು ಜಿಲ್ಲೆ ಮಟ್ಟದ ಒಂದು ಸಂಘಕ್ಕೆ ಸದಸ್ಯತ್ವದ ಫಾರಂ ಡ್ರಾಫ್ಟ್ ಮಾಡಿದ್ವಿ. 'ವಿದ್ಯಾರ್ಹತೆ: ಬಿಲಿಬ್ ಅಥವಾ ಎಂಲಿಬ್' ಅಂತ ಯಾರೋ ಆಗ್ಲೇ ಟೈಪ್ ಮಾಡಿದ್ರು. ಹಂಗೇ ಬಿಟ್ರೆ ಆ ಮೇಲ್ವಿಚಾರಕರೂ ಹೊರಗೆ, ಬಿಇ ಓದಿರೋ ಡೇಟಾ ಹುಡುಗಾನೂ ಹೊರಗೆ, ಒಳಗೆ ಉಳಿಯೋದು ನಾವೇ ಕಾಲೇಜಿನೋರು. ಆ ಸಾಲು ಹೊಡೆದು 'ಏನು ಕೆಲ್ಸ ಮಾಡ್ತೀರಿ, ಎಷ್ಟು ವರ್ಷದಿಂದ' ಅಂತ ಹಾಕ್ಸೋಕೆ ಒಂದೂವರೆ ಗಂಟೆ ವಾದ ಆಯ್ತು, ಕಾಫಿ ಎರಡು ಸಲ ಬಂತು. 'ನಮ್ಮ ಡಿಗ್ರಿಗೆ ಏನ್ ಬೆಲೆ ಉಳೀತು ಹಂಗಾದ್ರೆ?' ಅಂತ ಒಬ್ರು ಎದ್ದೇ ಹೋದ್ರು, ಅವ್ರ ಸಿಟ್ಟಲ್ಲೂ ಅರ್ಥ ಇದೆ, ಡಿಗ್ರಿ ಮಾಡಿ ಟೆಂಪರರಿಯಾಗೇ ಉಳಿದೋರು ಅವ್ರು.

ಆಗಸ್ಟ್ 12, ರಂಗನಾಥನ್ ದಿನ, ಮೊದಲ ಮೀಟಿಂಗು ಅಂತ ಮೇಲ್ವಿಚಾರಕರಿಗೆ ಫೋನ್ ಮಾಡ್ದೆ. 'ಬರ್ತಿದ್ದೆ ಸಾರ್, ಆದ್ರೆ ಕೇಂದ್ರ ಮುಚ್ಚಂಗಿಲ್ವಲ್ಲ' ಅಂದ್ರು. ಮೀಟಿಂಗನ್ನ ಅವ್ರ ರಜಾ ದಿನಕ್ಕೆ ತಳ್ಳಿದೀವಿ.