‘ದೌ’ ಅಂದರೆ ತಾವು ಅಲ್ಲ ಮಾರಾಯ್ರೇ

ಹಳೆಯ ಇಂಗ್ಲಿಷ್ ನಾಟಕಗಳ ಕನ್ನಡ ಅನುವಾದ ತಿದ್ದುವುದು ನನ್ನ ಕೆಲಸ. ಹೋದ ತಿಂಗಳು ಹುಡುಗನೊಬ್ಬ ತಂದ ಹಸ್ತಪ್ರತಿಯಲ್ಲಿ ಯಜಮಾನ ಆಳಿಗೆ ಹೇಳುತ್ತಾನೆ: ‘ತಾವು ಬೇಗ ಕುದುರೆ ಕಟ್ಟಿ ಬನ್ನಿ.’ ಆಳು ಅನ್ನುತ್ತಾನೆ: ‘ಆಯ್ತು, ನೀನು ಒಳಗಿರು.’ ಮೂಲ ತೆಗೆದು ನೋಡಿದೆ. ಯಜಮಾನನ ಬಾಯಲ್ಲಿ ‘ದೌ’ (thou), ಆಳಿನ ಬಾಯಲ್ಲಿ ‘ಯೂ’ (you)!

ಇಂಥದ್ದು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಹಳೆಯ ಪದ, ಕಿವಿಗೆ ಗಂಭೀರ, ಆದ್ದರಿಂದ ಮರ್ಯಾದೆಯದ್ದೇ ಇರಬೇಕು ಅಂದುಕೊಳ್ಳುತ್ತಾರೆ. ಪೂರ್ತಿ ಉಲ್ಟಾ. ‘ದೌ’ ಏಕವಚನ, ನಮ್ಮ ‘ನೀನು’. ‘ಯೂ’ ಮೊದಲು ಬರೀ ಬಹುವಚನ. 13ನೇ ಶತಮಾನದಿಂದೀಚೆಗೆ, ಫ್ರೆಂಚರ ರೂಢಿ ನೋಡಿ, ಎದುರಿಗೆ ದೊಡ್ಡವರು ಒಬ್ಬರೇ ಇದ್ದರೂ ‘ಯೂ’ ಅನ್ನತೊಡಗಿದರು. ನಮ್ಮ ‘ನೀವು’ ಮಾಡುವ ಕೆಲಸವೇ ಅಲ್ವಾ? ಇಂಗ್ಲಿಷಿನಲ್ಲಿ ಇವತ್ತು ಉಳಿದಿರುವುದು ‘ನೀವು’. ಕಳೆದುಹೋದದ್ದು ‘ನೀನು’.

1603ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ಅವನಿಗೆ ಬೇಕಂತಲೇ ‘ದೌ’ ಅಂದ. ಅಂದದ್ದಲ್ಲದೆ, ‘ದೌ’ ಅಂತಲೇ ಕರೀತೀನಿ ನಿನ್ನ, ದ್ರೋಹಿ ಎಂದು ಒತ್ತಿ ಹೇಳಿದ. ಅಲ್ಲಿ ‘ತಾವು’ ಹಾಕಿದರೆ ಬೈಗುಳವೇ ಸತ್ತಂತೆ. ಅದೇ ಶತಮಾನದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಎಲ್ಲರೂ ಸಮ ಎಂದು, ನ್ಯಾಯಾಧೀಶರಿಗೂ ‘ದೌ’ ಅಂದು ಕಷ್ಟಕ್ಕೆ ಸಿಕ್ಕಿಕೊಂಡರು.

‘ಬೈಬಲಲ್ಲಿ ದೇವರಿಗೇ ದೌ ಅಂತಾರಲ್ಲ ಸಾರ್?’ ಎಂದ ಹುಡುಗ.

‘ಪರೀಕ್ಷೆ ದಿನ ನೀನು ದೇವರಿಗೆ ಕಾಪಾಡಪ್ಪ ಅಂತೀಯೋ, ಕಾಪಾಡಿ ಅಂತೀಯೋ?’

ಸುಮ್ಮನಾದ. 1611ರ ಇಂಗ್ಲಿಷ್ ಬೈಬಲಿನಲ್ಲಿ ಲೆಕ್ಕ ಇನ್ನೂ ಸರಳ. ಮೂಲದ ಹೀಬ್ರೂ, ಗ್ರೀಕ್‌ನಲ್ಲಿ ಇದ್ದಂತೆ, ಒಬ್ಬರಾದರೆ ‘ದೌ’, ಜಾಸ್ತಿ ಜನವಾದರೆ ‘ಯೀ’ (ye), ಅಂದರೆ ‘ಯೂ’ವಿನ ಹಳೆಯ ಜೋಡಿ. ದೇವರಿಗೂ ಅದೇ, ಸೈತಾನನಿಗೂ ಅದೇ.

ಹಾಗಂತ ಪ್ರತಿ ‘ದೌ’ ಕೂಡ ಅವಮಾನವಲ್ಲ. ಅಮ್ಮನಿಗೆ ‘ನೀನು’ ಅನ್ನುವವರು ನಾವು, ಇದನ್ನು ಬಿಡಿಸಿ ಹೇಳಬೇಕಾ? ಸಲುಗೆಯೋ ಸಿಟ್ಟೋ ಎಂಬುದನ್ನು ಸಂದರ್ಭ ನೋಡಿಯೇ ತೀರ್ಮಾನಿಸಬೇಕು. ‘ಯೂ’ ಕಂಡಲ್ಲೆಲ್ಲ ‘ತಾವು’ ಸುರಿಯುವುದೂ ಬೇಡ. 1600ರ ಹೊತ್ತಿಗೆ ಅದು ಎಷ್ಟೋ ಕಡೆ ಬರೀ ರೂಢಿಯಾಗಿತ್ತು.

ಹುಡುಗ ಎಲ್ಲ ತಿದ್ದಿಕೊಂಡು ಮತ್ತೆ ಬಂದ. ‘ಇಲ್ಲೊಂದು ಅಚ್ಚಿನ ತಪ್ಪಿದೆ ಸಾರ್. ಗಂಡ ಇಷ್ಟು ಹೊತ್ತು ಹೆಂಡತಿಗೆ ಯೂ ಅಂತಿದ್ದ, ಈ ಸಾಲಲ್ಲಿ ದೌ ಅಂದಿದ್ದಾನೆ.’

‘ಮೇಲಿನ ನಾಲ್ಕು ಸಾಲು ಓದು.’

ಬೆರಳಿಟ್ಟು ಓದಿದ. ಮುಖ ಎತ್ತಿದ.

‘ಜಗಳ ಶುರುವಾಗಿದೆ ಸಾರ್.’