ನಂಬಿಕೆ ಬೇರೆ, ಅಸಹನೆ ಬೇರೆ, ಲೋಟ ಬೇರೆ

ದೀಪಾವಳಿ ಕಳೆಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿ. ಕೊನೆ ಇಳಿಸುವವರು ಬೇಕು, ಹೊರುವವರು ಬೇಕು, ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರು ಬೇಕು. ಊರಿನ ಜನ ಸಾಲುವುದಿಲ್ಲ. ಬಯಲುಸೀಮೆ ಕಡೆಯಿಂದ ಬರುತ್ತಾರೆ, ಈಗೀಗ ಅಸ್ಸಾಂ, ಬಿಹಾರದ ಕಡೆಯಿಂದಲೂ ಬರುತ್ತಾರೆ. ಅವರು ಬರುವ ಮೊದಲೇ ಅವರ ಬಗ್ಗೆ ಮಾತು ಬಂದಿರುತ್ತದೆ. ಒಬ್ಬರು, "ಆ ಕಡೆಯವರು ಮೈಗಳ್ಳರು ಮಾರಾಯ್ರೇ" ಅನ್ನುತ್ತಾರೆ. ಇನ್ನೊಬ್ಬರು ಕಾರಣ ಹೇಳುವ ಗೋಜಿಗೇ ಹೋಗುವುದಿಲ್ಲ. "ನಂಗೆ ಅವರನ್ನ ಕಂಡ್ರೇ ಆಗಲ್ಲ" ಅಂದುಬಿಡುತ್ತಾರೆ. ಮತ್ತೊಬ್ಬರು ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಅವರ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಚಹಾ ಕೊಡುವ ಲೋಟ ಬೇರೆ. ಅದು ಅಡುಗೆಮನೆಯ ಲೋಟಗಳ ಜೊತೆ ಇರುವುದಿಲ್ಲ. ಹಿತ್ತಲ ಕಡೆ ಬಚ್ಚಲ ಗೋಡೆಯ ಗೂಡಿನಲ್ಲಿ ಬೋರಲು ಹಾಕಿರುತ್ತದೆ. ಮೇಲಿನಿಂದ ಚಹಾ ಹೊಯ್ಯುತ್ತಾರೆ. ಕುಡಿದವರೇ ತೊಳೆದು ವಾಪಸ್ ಅಲ್ಲೇ ಇಡಬೇಕು. ಹಾಗೆ ಮಾಡಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುತ್ತದೆ.

ಈ ಮೂರಕ್ಕೂ ನಾವು ಸಲೀಸಾಗಿ ಒಂದೇ ಹೆಸರು ಇಡುತ್ತೇವೆ: ಪೂರ್ವಗ್ರಹ. ಮನಃಶಾಸ್ತ್ರದವರು ಮೂರನ್ನೂ ಬಿಡಿಸಿ ಇಡುತ್ತಾರೆ. ಒಂದು ಗುಂಪಿನವರೆಲ್ಲ ಹೀಗೇ ಅಂತ ತಲೆಯಲ್ಲಿ ಕೂತಿರುವುದು ನಂಬಿಕೆ. ಅದಕ್ಕೆ ಸ್ಟೀರಿಯೋಟೈಪ್ ಅನ್ನುತ್ತಾರೆ. ಮುದ್ರಣದವರು ಬಳಸುತ್ತಿದ್ದ ಈ ಪದವನ್ನು 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಅರ್ಥಕ್ಕೆ ಎಳೆದು ತಂದರು. ನಾವು ಪಡಿಯಚ್ಚು ಅನ್ನಬಹುದು. 'ಕಂಡ್ರೇ ಆಗಲ್ಲ' ಅನ್ನುವುದು ಭಾವನೆ. ಬಿಗಿಯಾಗಿ ಹೇಳುವುದಾದರೆ ಪೂರ್ವಗ್ರಹ ಅಂದರೆ ಇದೇ. ಲೋಟ ಬೇರೆ ಇಡುವುದು ನಡತೆ, ಅದು ತಾರತಮ್ಯ.

ಇದನ್ನೆಲ್ಲ ಬಿಡಿಸಿ ನೋಡುವುದು ಯಾಕೆ ಬೇಕು? ಒಂದು ಇದ್ದ ಕಡೆ ಇನ್ನೊಂದು ಇದ್ದೇ ಇರುತ್ತದೆ ಅಂತಿಲ್ಲ, ಅದಕ್ಕೆ. 1930ರ ಆಸುಪಾಸಿನಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯೆರ್ ಒಬ್ಬ ಚೀನೀ ಯುವಕ ಮತ್ತು ಅವನ ಹೆಂಡತಿಯ ಜೊತೆ ದೇಶ ಸುತ್ತಿದರು. ಚೀನೀಯರ ಬಗ್ಗೆ ಅಲ್ಲಿ ಆಗ ತುಂಬ ಅಸಹನೆ ಇತ್ತು. ಒಟ್ಟು 251 ಹೋಟೆಲು, ವಸತಿಗೃಹಗಳಿಗೆ ಹೋದರು. 'ಜಾಗ ಇಲ್ಲ' ಅಂದದ್ದು ಒಂದೇ ಒಂದು ಕಡೆ. ಕೆಲವು ತಿಂಗಳ ಮೇಲೆ ಅದೇ ಜಾಗಗಳಿಗೆಲ್ಲ ಪತ್ರ ಬರೆದು, ಚೀನೀಯರನ್ನು ಸೇರಿಸುತ್ತೀರಾ ಅಂತ ಕೇಳಿದರು. ಉತ್ತರ ಕೊಟ್ಟವರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಇಲ್ಲ ಅಂದರು. ಪತ್ರಕ್ಕೆ ಉತ್ತರ ಬರೆದವರೂ ಗಲ್ಲಾದಲ್ಲಿ ಕೂತಿದ್ದವರೂ ಒಬ್ಬರೇ ಅಂತ ಹೇಳಲಾಗುವುದಿಲ್ಲ, ಆ ಮಾತು ನಿಜ. ಆದರೂ ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಮೊದಲು ಯಾರೂ ತೋರಿಸಿರಲಿಲ್ಲ. ನಮ್ಮಲ್ಲಿ ಇದು ತಿರುಗಮುರುಗ ಆಗಿರುವುದೇ ಜಾಸ್ತಿ. 'ಜಾತಿಗೀತಿ ಎಲ್ಲಾ ಈಗ ಎಲ್ಲಿದೆ' ಅನ್ನುವ ಮನೆಯಲ್ಲೇ ಬಾಡಿಗೆ ಕೇಳಲು ಹೋದರೆ, ಅಡ್ವಾನ್ಸ್ ಮಾತಿಗಿಂತ ಮೊದಲು ಬರುವ ಪ್ರಶ್ನೆ, "ನೀವು ಯಾವ ಪೈಕಿ?"

ಮೊದಲು ನಂಬಿಕೆಯ ವಿಷಯ. ಪಡಿಯಚ್ಚು ಕೆಟ್ಟ ಮನಸ್ಸಿನಿಂದಲೇ ಹುಟ್ಟಬೇಕಾಗಿಲ್ಲ, ಲೆಕ್ಕದ ತಪ್ಪಿನಿಂದಲೂ ಹುಟ್ಟುತ್ತದೆ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಒಂದು ಸರಳ ಪ್ರಯೋಗ ಮಾಡಿದರು. 'ಎ' ಅಂತ ಒಂದು ಗುಂಪು, 'ಬಿ' ಅಂತ ಇನ್ನೊಂದು. ಎರಡೂ ಗುಂಪಿನವರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸಗಳನ್ನು ಒಂದೊಂದೇ ವಾಕ್ಯದಲ್ಲಿ ಓದಿಸಿದರು. ಎ ಗುಂಪಿನ ಬಗ್ಗೆ 18 ಒಳ್ಳೆಯದು, 8 ಕೆಟ್ಟದ್ದು. ಬಿ ಗುಂಪಿನ ಬಗ್ಗೆ 9 ಒಳ್ಳೆಯದು, 4 ಕೆಟ್ಟದ್ದು. ಪ್ರಮಾಣ ನೋಡಿ, ಎರಡೂ ಕಡೆ ಒಂದೇ. ಆದರೆ ಓದಿದವರು ಕೊನೆಗೆ ಬಿ ಗುಂಪಿನವರೇ ಹೆಚ್ಚು ಕೆಟ್ಟವರು ಅಂದರು. ಬಿ ಗುಂಪಿನವರು ಕಮ್ಮಿ ಜನ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದಾಗ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತವೆ ಅನ್ನುವುದು ಅವರು ಕೊಟ್ಟ ವಿವರಣೆ.

ಇದನ್ನು ನಮ್ಮ ಊರಿಗೆ ತಂದು ನೋಡಿ. ಇಡೀ ಊರಲ್ಲಿ ಹೊರಗಿನಿಂದ ಬಂದವರು ಹತ್ತು ಮಂದಿ. ಒಣಗಲು ಹಾಕಿದ ಅಡಿಕೆ ಒಂದು ರಾತ್ರಿ ಕಳುವಾಯಿತು, ಕದ್ದವನು ಅವರಲ್ಲೊಬ್ಬ. ಮುಂದಿನ ವರ್ಷ ಊರಿನವನೇ ಕದ್ದ. ಊರಿನವನ ಸುದ್ದಿಗೆ ಅವನ ಹೆಸರು ಅಂಟಿಕೊಳ್ಳುತ್ತದೆ, "ಅವನಾ, ಅವನು ಮೊದಲಿಂದ್ಲೂ ಹಾಗೇ" ಅಂತ. ಹೊರಗಿನವನ ಸುದ್ದಿಗೆ ಅವನ ಹೆಸರು ಅಂಟುವುದಿಲ್ಲ, ಅವನ ಸೀಮೆಯ ಹೆಸರು ಅಂಟುತ್ತದೆ. ಉಳಿದ ಒಂಬತ್ತು ಮಂದಿ ಸುಮ್ನೆ ಕೆಲಸ ಮಾಡಿಕೊಂಡು ಇದ್ದದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಸುಮ್ಮನಿದ್ದದ್ದು ಸುದ್ದಿಯಲ್ಲ ಅಲ್ವಾ?

ಮುಂಚೆಯೇ ಅಂದಾಜು ಕಟ್ಟುವುದು ತಪ್ಪಲ್ಲ. ಮೋಡ ಕಂಡರೆ ಕೊಡೆ ಹಿಡಿದು ಹೊರಡುತ್ತೇವೆ, ಬಿಸಿಲು ಬಂದರೆ ಮಡಚುತ್ತೇವೆ. ಪೂರ್ವಗ್ರಹ ಮಡಚುವುದಿಲ್ಲ. 1954ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದ ಗಾರ್ಡನ್ ಆಲ್ಪೋರ್ಟ್ ಒತ್ತಿ ಹೇಳಿದ್ದು ಇದನ್ನೇ. ಹೊಸ ಸಂಗತಿ ಕಂಡಾಗ ತಿದ್ದಿಕೊಂಡರೆ ಅದು ಬರೀ ತಪ್ಪು ಎಣಿಕೆ. ಕಂಡರೂ ತಿದ್ದಿಕೊಳ್ಳದಿದ್ದರೆ ಪೂರ್ವಗ್ರಹ. ತಿದ್ದಿಕೊಳ್ಳದೆ ಇರಲು ನಮ್ಮ ಹತ್ತಿರ ಒಂದು ಸುಲಭದ ಮಾತೂ ಇದೆ: "ಅವನು ಬಿಡಿ, ಅವನು ಆ ಪೈಕಿಯವರ ಹಾಗಲ್ಲ, ನಮ್ಮ ಥರಾನೇ." ಒಬ್ಬನನ್ನು ಗುಂಪಿನಿಂದ ಆಚೆ ತೆಗೆದರೆ ಆಯಿತು, ಗುಂಪಿನ ಮೇಲಿನ ಅಭಿಪ್ರಾಯ ಹಾಗೇ ಉಳಿಯುತ್ತದೆ. ಕೇಳಲು ಹೊಗಳಿಕೆಯಂತೆ ಇರುವ ಈ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನೋವಿನದು ಅನಿಸುತ್ತದೆ.

ಭಾವನೆ ಇನ್ನೂ ಅಗ್ಗದಲ್ಲಿ ಹುಟ್ಟುತ್ತದೆ. ಮನಃಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು. ಮನುಷ್ಯರು ಗುಂಪು ಕಟ್ಟಿ ಇನ್ನೊಂದು ಗುಂಪನ್ನು ದೂರ ಇಡಲು ಕನಿಷ್ಠ ಏನು ಬೇಕು ಅಂತ ಹುಡುಕುತ್ತಾ ಹೋದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14, 15 ವರ್ಷದ ಹುಡುಗರನ್ನು ಎರಡು ಗುಂಪು ಮಾಡಿದರು. ಇಂಥ ಚಿತ್ರಕಾರನ ಚಿತ್ರ ನಿನಗೆ ಇಷ್ಟವಾಯಿತು, ಹಾಗಾಗಿ ನೀನು ಈ ಗುಂಪು. ಅಷ್ಟೇ ನೆಪ. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆ ಅಂತಲೂ ಹುಡುಗನಿಗೆ ಗೊತ್ತಿಲ್ಲ. ಹಣ ಹಂಚು ಅಂದಾಗ ಅವರು ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ತಮ್ಮವರಿಗೆ ಸ್ವಲ್ಪ ಕಮ್ಮಿ ಬಂದರೂ ಚಿಂತೆಯಿಲ್ಲ, ಆ ಕಡೆಯವರಿಗಿಂತ ಜಾಸ್ತಿ ಬಂದರೆ ಸಾಕು ಅನ್ನುವ ಹಾಗೆ ಹಂಚಿದರು. 1970ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನಮ್ಮ ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅನ್ನುವ ಮಾತು ನೆನಪಾಗುತ್ತದೆ. ಹೆಚ್ಚಿನ ಸಲ ಅದು ತಮಾಷೆಯ ಮಾತು. ಆದರೆ ತಮಾಷೆಯ ಗೆರೆ ದಪ್ಪವಾಗಲು ಹೆಚ್ಚು ಹೊತ್ತು ಬೇಡ.

ಇನ್ನು ನಡತೆ. ಮನಸ್ಸನ್ನು ಅಳೆಯುವುದು ಕಷ್ಟ, ನಡತೆಯನ್ನು ಅಳೆಯಬಹುದು. 2007ರಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ನಮ್ಮ ದೇಶದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತುಗಳಿಗೆ ತಾವೇ ಹೆಸರು ಕಟ್ಟಿ ಕಳಿಸಿದ ಅರ್ಜಿಗಳ ಅಧ್ಯಯನ ಪ್ರಕಟಿಸಿದರು. ಓದು ಒಂದೇ ಮಟ್ಟದ್ದು, ಅನುಭವ ಒಂದೇ ಮಟ್ಟದ್ದು. ಬೇರೆ ಇದ್ದದ್ದು ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಮುಂದಿನ ಸುತ್ತಿಗೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಅರ್ಜಿ ನೋಡಿದವರನ್ನು ಕೇಳಿದ್ದರೆ ತಮಗೆ ಪೂರ್ವಗ್ರಹ ಇಲ್ಲ ಅನ್ನುತ್ತಿದ್ದರೇನೋ. ಅದು ಪ್ರಾಮಾಣಿಕ ಉತ್ತರವೂ ಆಗಿರಬಹುದು. ಕರೆ ಬಾರದವನಿಗೆ ಅದರಿಂದ ಏನು ಉಪಯೋಗ?

ಈ ಮಾತು ನಮ್ಮ ಜಿಲ್ಲೆಯ ಗೇಣಿದಾರರಿಗೆ ಮೊದಲೇ ಗೊತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದಾಗ ಜಗಳದ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದಿತ್ತು. ರೈತರು ಒಡೆಯರಿಗೆ 'ನಮ್ಮನ್ನು ಪ್ರೀತಿಸಿ' ಅನ್ನಲಿಲ್ಲ, ಅಳತೆ ಸರಿಯಿರಲಿ ಅಂದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದೂ ಈ ಹೋರಾಟದಲ್ಲೇ. ಮುಂದೆ 1974ರ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಹೊಲದೊಡೆಯ ಮಾಡಿತು. ಎಲ್ಲರ ಮನಸ್ಸು ತಿಳಿಯಾಗಲಿ ಅಂತ ಕಾದಿದ್ದರೆ ಅದು ಇವತ್ತಿಗೂ ಆಗುತ್ತಿರಲಿಲ್ಲ. ಹಾಗಾಗಿ ಮೊದಲು ನಡತೆಯನ್ನು ಹಿಡಿಯಬೇಕು, ಮನಸ್ಸಿನ ವಿಚಾರ ಆಮೇಲೆ ಅನ್ನುವ ಪಕ್ಷ ನನ್ನದು.

ಶಾಲೆಯ ವಿಷಯದಲ್ಲಂತೂ ಇದು ತುರ್ತಿನದು. ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವಾಗ "ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುವುದು ಈಗಲೂ ಕೆಲವು ತರಗತಿಗಳಲ್ಲಿ ಕೇಳುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ, ದುಡ್ಡು ಮಕ್ಕಳಿಗೆ ತಲುಪಲಿ ಅಂತ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟಿದ್ದರು. ಬಿಡಿಸಿದಷ್ಟಕ್ಕೆ ಹಣ. ಜಾತಿ ಹೇಳದೆ ಇದ್ದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಸರಿಸಮ. ಎಲ್ಲರ ಎದುರು ಹೆಸರು, ಊರು, ಜಾತಿ ಓದಿ ಹೇಳಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಬುದ್ಧಿ ಅದೇ, ಕೋಣೆ ಅದೇ. ಒಂದು ಘೋಷಣೆ ಅಷ್ಟು ಮಾಡಿತು. ಅರ್ಜಿಯನ್ನು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದೂ ತುಂಬಿಸಬಹುದು. ಅದಕ್ಕೆ ಹಣ ಬೇಡ, ಆದೇಶ ಬೇಡ.

ಮನಸ್ಸು ಬದಲಾಗುವುದೇ ಇಲ್ಲವೇ? ಆಗುತ್ತದೆ, ಆದರೆ ಬರೀ ಅಕ್ಕಪಕ್ಕ ಇದ್ದರೆ ಸಾಲದು. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ ಇವು ಬೇಕು ಅಂತ ಆಲ್ಪೋರ್ಟ್ ಆಗಲೇ ಹೇಳಿದ್ದರು. ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಕ್ರಿಕೆಟ್ ಲೀಗ್ ನಡೆಸಿ ಇದನ್ನು ಒರೆಗೆ ಹಚ್ಚಿದರು. 1,261 ಯುವಕರಲ್ಲಿ ಕೆಲವರು ತಮ್ಮದೇ ಜಾತಿಯ ತಂಡದಲ್ಲಿ, ಕೆಲವರು ಬೆರಕೆ ತಂಡದಲ್ಲಿ ಆಡಿದರು. ಒಂದೇ ತಂಡದಲ್ಲಿ ಬೇರೆ ಜಾತಿಯವರ ಜೊತೆ ಆಡಿದವರಲ್ಲಿ ಜಾತಿ ದಾಟಿದ ಸ್ನೇಹ ಹೆಚ್ಚಿತು, ತಮ್ಮವರಿಗೇ ಬಹುಮಾನ ಕೊಡಿಸುವ ಚಾಳಿ ಇಳಿಯಿತು. ಎದುರಾಳಿಯಾಗಿ ಆಡಿದವರಿಂದ ಅಂಥ ಲಾಭ ಕಾಣಲಿಲ್ಲ, ಕೆಲವು ವಿಷಯದಲ್ಲಿ ನಷ್ಟವೇ ಆಯಿತು.

ನಮ್ಮಲ್ಲಿ ಬೇಸಿಗೆ ಬಂದರೆ ಟೂರ್ನಮೆಂಟುಗಳಿಗೆ ಬರವಿಲ್ಲ. ಊರಿಗೊಂದು, ಕೇರಿಗೊಂದು, ಸಮಾಜಕ್ಕೊಂದು ತಂಡ. ಎಲ್ಲರೂ ಒಂದೇ ಮೈದಾನದಲ್ಲಿ ಆಡುತ್ತಾರೆ, ಆದರೆ ಎದುರುಬದುರು. ಲೋ ಅವರ ಲೆಕ್ಕದ ಪ್ರಕಾರ ಇದು ಕೆಲಸಕ್ಕೆ ಬಾರದ ಬಗೆ. ಆಟಗಾರರ ಹೆಸರೆಲ್ಲ ಚೀಟಿ ಬರೆದು ಡಬ್ಬಿಗೆ ಹಾಕಿ, ಎತ್ತಿದ ಹಾಗೆ ತಂಡ ಕಟ್ಟಲಿ. ತೋಟದ ಕೆಲಸಕ್ಕೆ ಬಂದ ಹುಡುಗರ ಹೆಸರೂ ಆ ಡಬ್ಬಿಯಲ್ಲಿ ಇರಲಿ.